ಸೀಟಿ ಹೊಡೆಯದ ಬಾಯ್ಲರ್

...ಇಲ್ಲ ಪುಟ್ಟಿ, ಇವತ್ತು ನೀನು ಆ ಕಾರ್ಖಾನೆಗೆ ಹೋಗೋ ಹಾಗಿಲ್ಲ. ಅಣ್ಣ ಹೇಳ್ತಿದ್ದಾನೆ ಅಂತಾನೇ ಇಟ್ಕೋ. ಮೊದಲು ಒಳಗೆ ಬಾ, ಕೂತ್ಕೋ. ಬಾಗಿಲಲ್ಲೇ ನಿಂತರೆ ಹೇಗೆ? ನನ್ನ ಒಂದು ಫೋನಿಗೆ ಕಾರ್ಖಾನೆಯವರು ಗೇಟು ತೆಗೀತಾರೆ, ಅದೂ ಗೊತ್ತು. ಮಾಡಲ್ಲ.

ಯಾಕೆ ನಗ್ತೀಯಾ? ಹೂಂ, ಆ ನಿಯಮ ಬರೆದವನು ನಾನೇ. ಬಾಯ್ಲರ್ ಇನ್‌ಸ್ಪೆಕ್ಟರು ಹೇಳದೆ ಕೇಳದೆ ನುಗ್ಗೋ ಹಾಗಿಲ್ಲ, ವಾರ ಮೊದಲೇ ತಿಳಿಸಬೇಕು. ಒಡಹುಟ್ಟಿದ ತಂಗೀನೇ ಇನ್‌ಸ್ಪೆಕ್ಟರಮ್ಮ ಅಂತ ಗೊತ್ತಿದ್ದೂ ಬರೆದೆ. ಬೇರೆ ದಾರಿ ಎಲ್ಲಿತ್ತು, ಹೇಳು? ಪಕ್ಕದ ದೇಶದವರು ಜಮೀನು ಪುಕ್ಕಟೆ ಕೊಡ್ತಾರೆ, ತೆರಿಗೆ ಮನ್ನಾ ಮಾಡ್ತಾರೆ. ನಮ್ಮ ಹತ್ತಿರ ಏನಿದೆ? ಇಲ್ಲಿ ಯಾರೂ ನಿಮಗೆ ಕಾಟ ಕೊಡಲ್ಲ ಅನ್ನೋ ಒಂದು ಮಾತು. ಅದನ್ನೇ ಹಿಡ್ಕೊಂಡು ದೇಶ ದೇಶ ಅಲೆದಿದ್ದೀನಿ. ಹೂಡಿಕೆ ಇಲಾಖೆ ಅಂದರೆ ಏನಂದ್ಕೊಂಡೆ? ದುಡ್ಡಿರೋರ ಬಾಗಿಲು ಕಾಯೋ ಕೆಲಸ.

ದುಡ್ಡು ಹಾಕೋ ಹೊರದೇಶದವರು ಇವತ್ತು ಮಧ್ಯಾಹ್ನ ಬರ್ತಾರೆ. ಆ ಬಣ್ಣದ ಕಾರ್ಖಾನೆ ಓಡೋದನ್ನ ಕಣ್ಣಾರೆ ನೋಡ್ತಾರೆ. ಒಪ್ಪಿದರೆ ಅಂಥವು ಇನ್ನೂ ಹತ್ತು ಏಳುತ್ತವೆ. ಎಷ್ಟು ಮನೆಯಲ್ಲಿ ಒಲೆ ಉರಿಯುತ್ತೆ, ಯೋಚನೆ ಮಾಡು. ಅಂಥ ಹೊತ್ತಲ್ಲಿ ನೀನು ಹೋಗಿ ಬಾಯ್ಲರ್ ಆರಿಸಿ ಅಂದರೆ... ಮುಗೀತು ನನ್ನ ಕಥೆ.

ಏನು? ವಾಲ್ವಾ? ಅಯ್ಯೋ, ಅದೊಂದು ದೊಡ್ಡ ವಿಷಯಾನಾ! ಒಳಗೆ ಆವಿ ಜಾಸ್ತಿಯಾದಾಗಲೆಲ್ಲ ಕೂಗ್ತಿತ್ತು, ನಿಜ. ಬೀದಿಗೆಲ್ಲ ಕೇಳಿಸ್ತಿತ್ತು. ನಿನ್ನೆ ರಿಪೇರಿ ಮಾಡಿದರು, ನಿಂತಿತು. ಕುಕ್ಕರ್ ಕೂಗಲಿಲ್ಲ ಅಂತ ಯಾರಾದರೂ ಹೆದರ್ತಾರಾ?

ಸರಿ... ಅಮ್ಮ ಹೆದರ್ತಿದ್ದಳು. ಒಪ್ಪಿದೆ. ಆದರೆ ಇದು ಬೇರೆ. ತಂತಿ ಗಿಂತಿ ಏನೂ ಕಟ್ಟಿಲ್ಲ ಅಲ್ಲಿ.

ಯಾಕೆ ಹಾಗೆ ನೋಡ್ತೀಯಾ? ತಂತಿ ಅಂತ ನೀನೇ ಅಂದೆಯಲ್ಲ... ಅನ್ನಲಿಲ್ಲವಾ?

ಅವರು ಇರೋವಷ್ಟು ಹೊತ್ತು ಮಾತ್ರ, ಪುಟ್ಟಿ. ಬಂದವರ ಮುಂದೆ ಕೂಗಿ ಮಾನ ಕಳೆಯಬಾರದು ಅಂತ ವಾಲ್ವನ್ನ ತಂತಿ ಕಟ್ಟಿ ಬಿಗಿದಿದ್ದಾರೆ. ಕಾರು ಗೇಟು ದಾಟಿದ ತಕ್ಷಣ ಬಿಚ್ತಾರೆ. ಏನೂ ಆಗಲ್ಲ. ಅಪಾಯ ಇದ್ದಿದ್ದರೆ ಅಷ್ಟು ಜನರನ್ನ ಒಳಗೆ ಬಿಡ್ತಿದ್ದೆನಾ? ನನ್ನ ಮಗನೇ ಅಲ್ಲಿ ಎಂಜಿನಿಯರು, ಅದೇ ಬಾಯ್ಲರ್ ಪಕ್ಕ ನಿಲ್ಲೋನು. ಹೆತ್ತ ಮಗನನ್ನ ಕಳಿಸ್ತಿದ್ದೆನಾ?

ಕೆಳಗೆ ಏನು ನೋಡ್ತಿದ್ದೀಯಾ?

ಅದು... ಅವನ ಬೂಟು. ಹಳೇದು... ಇಲ್ಲ, ಕೆಲಸಕ್ಕೆ ಹಾಕೋದೇ. ಸ್ವಲ್ಪ ಮೈ ಬಿಸಿ ಇತ್ತು ಅವನಿಗೆ, ಒಳಗೆ ಮಲಗಿದ್ದಾನೆ. ಬೇಡ, ಎಬ್ಬಿಸಬೇಡ. ಅವನನ್ನ ಏನೂ ಕೇಳಬೇಡ.

ಬಯ್ಯಿ ಪುಟ್ಟಿ. ಎರಡೇಟು ಹೊಡಿ ಬೇಕಾದರೆ. ಆ ಬೂಟು ಮಾತ್ರ ಕೆಳಗಿಡು...

ಬೆಳಿಗ್ಗೆ ಬೂಟು ಹಾಕ್ಕೊಂಡು ಹೊರಟಿದ್ದ. ನಾನೇ ಬಿಚ್ಚಿಸಿದೆ.