ಗುಡ್ಡದ ಪಾಲು ಬೇಡವೆಂದ ಊರು

ಪ್ರಿಯರೇ, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳುತ್ತೇವೆ. ಒಳ್ಳೆಯದು. ಆದರೆ ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಬರುವ ದಾರಿಯಲ್ಲಿ ಏನನ್ನು ಹಾಳು ಮಾಡಿ ಬಂತು ಎಂದು ಯಾವತ್ತಾದರೂ ಕೇಳಿಕೊಂಡಿದ್ದೇವೆಯೇ? ಇದಕ್ಕೊಂದು ಕಥೆ ಹೇಳುತ್ತೇನೆ. ಮನಸ್ಸಿಗೆ ಹಿತವಾದ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಣಗುಡ್ಡಗಳ ಸೀಮೆಯಲ್ಲಿ ಒಂದು ಸಣ್ಣ ಊರು, ಆ ಊರಿಗೆಲ್ಲ ಒಬ್ಬನೇ ಶ್ರೀಮಂತ. ಅವನ ಹೆಸರು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು, ನಮ್ಮಲ್ಲಿ ಯಾರ ಹೆಸರನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಬೇಟೆಗೆ ಕಾನೂನಿನ ತಡೆ ಬರುವುದಕ್ಕಿಂತ ಬಹಳ ಹಿಂದಿನ ಮಾತು ಇದು. ಆ ಊರಿನವರು ಮಾಂಸ ತಿನ್ನುತ್ತಿದ್ದದ್ದು ಅಪರೂಪಕ್ಕೆ, ತಿಂದರೆ ಗುಡ್ಡದ್ದು. ಹೊಲಕ್ಕೆ ನುಗ್ಗುವ ಕಾಡುಹಂದಿ, ಮೊಲ, ಗೌಜಲ ಹಕ್ಕಿ. ಬೇಟೆಗೆ ದುಂಡಯ್ಯ ಎಂಬವನು ಯಜಮಾನ. ಹಾಗೆಂದು ಅವರು ಮನಸ್ಸಿಗೆ ಬಂದಂತೆ ಕೊಲ್ಲುತ್ತಿದ್ದರೇ? ಇಲ್ಲ ನೋಡಿ. ಮರಿ ಹಾಕುವ ಕಾಲದಲ್ಲಿ ಬಲೆ ಅಟ್ಟ ಸೇರುತ್ತಿತ್ತು. ಮರಿಯ ಜೊತೆಗಿರುವ ತಾಯಿ ಎದುರಿಗೇ ಬಂದರೂ ಬಿಡುತ್ತಿದ್ದರು. ಒಂದು ಹಂದಿ ಸಿಕ್ಕಿತೆಂದರೆ ಆ ಸಲಕ್ಕೆ ಸಾಕು. ಅದನ್ನು ಊರಿಗೆಲ್ಲ ಪಾಲು ಹಾಕುತ್ತಿದ್ದರು. ಬೇಟೆಗೆ ಬಾರದ ಮುದುಕನಿಗೂ ಪಾಲು, ಗಂಡನಿಲ್ಲದ ಹೆಂಗಸಿಗೂ ಪಾಲು.

ಯೋಚನೆ ಮಾಡಿ. ಆ ಮಾಂಸಕ್ಕಾಗಿ ಯಾರೂ ಮೇವು ಬೆಳೆಯಲಿಲ್ಲ. ಯಾರೂ ನೀರು ಸೇದಲಿಲ್ಲ. ಯಾರೂ ಒಂದು ಗಿಡವನ್ನು ಕಡಿಯಲಿಲ್ಲ. ಗುಡ್ಡ ಗುಡ್ಡವಾಗಿಯೇ ಇತ್ತು, ಊರು ಅದರಿಂದ ಉಣ್ಣುತ್ತಿತ್ತು. ಉಣ್ಣುತ್ತಿದ್ದುದರಿಂದಲೇ ಕಾಯುತ್ತಿತ್ತು. ಬೇಸಿಗೆಯಲ್ಲಿ ಹೊಗೆ ಕಂಡರೆ ಸಾಕು, ಊರಿಗೆ ಊರೇ ಹಸಿಸೊಪ್ಪು ಹಿಡಿದು ಓಡುತ್ತಿತ್ತು.

ಹೀಗಿರುವಾಗ ಶ್ರೀಮಂತನ ಮಗಳಿಗೆ ಪೇಟೆಯಿಂದ ಸಂಬಂಧ ಬಂತು. ಬೀಗರು ಊಟಕ್ಕೆ ಕುಳಿತರು. ಎಲೆಗೆ ಬಿದ್ದದ್ದು ಕಾಡುಹಂದಿ ಎಂದು ತಿಳಿದ ಬೀಗಿತಿ ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಪಕ್ಕದವಳ ಕಡೆ ನೋಡಿ ನಕ್ಕಳು. ಅಷ್ಟೇ. ಆ ನಗು ಮಾತ್ರ ಶ್ರೀಮಂತನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅವನು ಊರಿನವರನ್ನು ಸೇರಿಸಿ, ಇನ್ನು ಮೇಲೆ ಬೇಟೆ ಬೇಡ, ಪಾಪದ ಪ್ರಾಣಿಗಳನ್ನು ಕೊಲ್ಲುವುದು ಬೇಡ, ನಾವೇನು ಕಾಡುಜನರೇ ಎಂದ. ಮನಸ್ಸಿನಲ್ಲಿದ್ದದ್ದು ನಾಚಿಕೆ, ಬಾಯಲ್ಲಿ ಬಂದದ್ದು ದಯೆ. ನಮಗೂ ಹೀಗೆ ಆಗುವುದಿಲ್ಲವೇ?

ಬರೀ ಬೇಡ ಎಂದು ಕೈಕಟ್ಟಿ ಕೂರಲಿಲ್ಲ, ಪಾಪ. ಗುಡ್ಡದ ತಪ್ಪಲಿಗೆ ದೊಡ್ಡ ಮೇಕೆ ಮಂದೆ ತರಿಸಿದ. ವಾರ ವಾರ ಮೇಕೆ ಕೊಯ್ಯಿಸಿ ಅಗ್ಗಕ್ಕೆ ಮಾರಿಸಿದ. ಅಪರೂಪಕ್ಕೆ ತಿನ್ನುತ್ತಿದ್ದ ಜನ ವಾರಕ್ಕೊಮ್ಮೆ ತಿಂದರು. ಬೇಡಿಕೆ ಬೆಳೆಯಿತು, ಮಂದೆಯೂ ಬೆಳೆಯಿತು. ಮೇಕೆಗಳು ಮೊದಲು ಹುಲ್ಲು ಮುಗಿಸಿದವು, ಆಮೇಲೆ ಚಿಗುರು, ಆಮೇಲೆ ಬಾಯಿಗೆಟುಕುವ ಎಳೆಯ ಗಿಡಗಳನ್ನೆಲ್ಲ. ಮೇವು ಸಾಲದೆ ಮೇಲಿನ ಇಳಿಜಾರನ್ನೂ ಕಡಿಸಿ ಬಯಲು ಮಾಡಿಸಿದ. ಮಳೆ ಬಂದಾಗ ಮಣ್ಣು ಜಾರಿ ಹಳ್ಳಕ್ಕೆ ಬಿತ್ತು. ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ ಹೂಳು ತುಂಬಿ ನಿಂತಿತು.

ಒಂದು ಬೇಸಿಗೆಯ ಮಧ್ಯಾಹ್ನ, ಗುಡ್ಡದ ಆಚೆ ಬದಿಯಲ್ಲಿ ಇದ್ದಿಲು ಸುಡುವವರ ಗುಂಡಿಯಿಂದ ಬೆಂಕಿ ಹಾರಿತು. ಶ್ರೀಮಂತ ಹೊಗೆ ನೋಡಿ ಬೀದಿಗೆ ಓಡಿ ಬಂದ. ಬನ್ನಿ, ಬನ್ನಿ ಎಂದು ಮನೆ ಮನೆಯ ಬಾಗಿಲು ತಟ್ಟಿದ. ಜನ ಹೊರಗೆ ಬಂದರು, ಹೊಗೆಯನ್ನು ನೋಡಿದರು, ನಿಂತರು. ದುಂಡಯ್ಯ ಜಗುಲಿಯ ಮೇಲೆ ಕುಳಿತಿದ್ದ. ಶ್ರೀಮಂತ ಅವನ ರಟ್ಟೆ ಹಿಡಿದು ಎಬ್ಬಿಸಲು ಹೋದ.

"ಗುಡ್ಡದಲ್ಲಿ ಈಗ ನಮ್ದು ಅಂತ ಏನದ ಬುದ್ದಿ?" ಎಂದ ದುಂಡಯ್ಯ.

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದಂತೆ ಕೇಳಿದ. ಶ್ರೀಮಂತ ಅವನ ರಟ್ಟೆ ಬಿಟ್ಟ. ಬೆಂಕಿ ತಾನಾಗಿ ಆರುವವರೆಗೆ ಉರಿಯಿತು.

ಆಮೇಲೆ ಒಂದು ಬೆಳಗ್ಗೆ ಇಬ್ಬರೂ ಗುಡ್ಡ ಹತ್ತಿದರು. ಬೂದಿಯ ಮೇಲೆ ಎಲ್ಲಿಯೂ ಒಂದು ಹೆಜ್ಜೆ ಗುರುತಿಲ್ಲ. ಹಂದಿಯದಿಲ್ಲ, ಮೊಲದ್ದಿಲ್ಲ. ಹಕ್ಕಿಯ ಕೂಗೂ ಇಲ್ಲ. ಶ್ರೀಮಂತ ಸುಟ್ಟ ಬಂಡೆಯ ಮೇಲೆ ಕುಸಿದು ಕುಳಿತ.

"ಕೊಲ್ಬೇಡಿ ಅಂದವನು ನಾನು ಕಣೋ. ಒಂದೂ ಉಳೀನಿಲ್ವಲ್ಲೋ" ಎಂದ.

ದುಂಡಯ್ಯ ಕಾಲ್ಬೆರಳಿನಿಂದ ಬೂದಿ ಕೆದಕುತ್ತ ನಿಂತ. ಕೊನೆಗೆ, "ನಿಮ್ಮೊಬ್ರುದೇ ತಪ್ಪಲ್ಲ ಬುದ್ದಿ. ಮಾಂಸ ಮನೆ ಬಾಗ್ಲಿಗೇ ಬತ್ತಿತ್ತು. ನಾನೂ ತಿಂದ್ಕಂಡು ಸುಮ್ಗಿದ್ದೆ" ಎಂದು ತಲೆ ತಗ್ಗಿಸಿದ.

ಶ್ರೀಮಂತ ಮಂದೆಯನ್ನು ಮಾರಿದ. ಗುಡ್ಡಕ್ಕೆ ಬೇಲಿ ಹಾಕಿಸಿದ. ಬೀಜ ಎರಚಿಸಿದ, ಹಳ್ಳದ ಹೂಳು ತೆಗೆಸಿದ. ಕೆಲವು ಮಳೆಗಾಲ ಕಳೆದ ಮೇಲೆ ಕುರುಚಲು ಚಿಗುರಿತು. ಆದರೆ ಹೋದ ಜೀವಗಳು ಅವನು ಬದುಕಿರುವವರೆಗೆ ಮರಳಿ ಬರಲಿಲ್ಲ. ಕಥೆ ಇಷ್ಟೇ. ಇದಕ್ಕಿಂತ ಒಳ್ಳೆಯ ಕೊನೆ ಇದ್ದಿದ್ದರೆ ಹೇಳುತ್ತಿದ್ದೆ.

ಈಗ ನಮ್ಮ ಮಾತಿಗೆ ಬರೋಣ. ಹಾಗಾದರೆ ನಾಳೆ ಬಲೆ ಹಿಡಿದು ಕಾಡಿಗೆ ಹೋಗಬೇಕೇ? ಬೇಡ. ಇವತ್ತು ಅದು ಕಾನೂನಿಗೆ ವಿರುದ್ಧ. ಮಿತಿಯಲ್ಲಿ ತೆಗೆದುಕೊಳ್ಳುವಷ್ಟು ನಾವು ಉಳಿಸಿಯೂ ಇಲ್ಲ. ಆದರೆ ಹಿಂದಿನವರು ಕಾಡಿನ ಮಾಂಸ ತಿಂದರೆಂದು ಅವರನ್ನು ಕ್ರೂರಿಗಳೆಂದು ಕರೆಯಬೇಡಿ. ಕೈಗೆ ರಕ್ತ ತಾಗದ ಮಾತ್ರಕ್ಕೆ ನಾವು ದಯಾವಂತರಾಗುವುದಿಲ್ಲ. ಪ್ರತಿ ಭಾನುವಾರ ಕೋಳಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತೇವೆ. ಆ ಕೋಳಿಗೆ ಹಾಕಿದ ಜೋಳ ಯಾವ ಕಾಡು ಕಡಿದ ಜಾಗದಲ್ಲಿ ಬೆಳೆಯಿತು, ಆ ಶೆಡ್ಡಿನ ಗಲೀಜು ಯಾರ ಬಾವಿಗೆ ಇಳಿಯಿತು ಎಂದು ಕೇಳಿದ್ದೇವೆಯೇ?

ಆದ್ದರಿಂದ ಮಾಂಸವನ್ನು ಮತ್ತೆ ಅಪರೂಪದ ಊಟ ಮಾಡಿ. ತಿನ್ನುವ ದಿನ ನಮ್ಮ ಕೆರೆಯ ಮೀನು ತನ್ನಿ. ಮಳೆ ಶುರುವಾಗಿ ಮೀನು ಮೊಟ್ಟೆ ಕಟ್ಟುವಾಗ ಬಲೆ ಬೀಸಬೇಡಿ, ಯಾರಾದರೂ ತಂದು ಮಾರಿದರೆ ಕೊಳ್ಳಬೇಡಿ. ಕೆರೆ ಏರಿಯ ಮೇಲೆ ಸಿಗುವ ಸೊಪ್ಪು ತಿನ್ನುವವರನ್ನು ನೋಡಿ ನಗಬೇಡಿ, ಅವರ ಜೊತೆ ಹೋಗಿ ಕಿತ್ತು ತನ್ನಿ. ಮಕ್ಕಳಿಗೆ ಇದು ಎಲ್ಲಿಯದು ಎಂದು ಹೇಳಿ ಬಡಿಸಿ.

ಇನ್ನೊಂದು ಮಾತು. ಶನಿವಾರ ಬೆಳಗ್ಗೆ ನಮ್ಮೂರ ಗುಡ್ಡದ ಸುತ್ತ, ಬೆಂಕಿ ದಾಟಿ ಬಾರದಂತೆ ಬೆಂಕಿ ರೇಖೆ ಕಡಿಯಲು ಜನ ಬೇಕಾಗಿದ್ದಾರೆ. ಹೋದ ವರ್ಷ ಈ ಸಭೆಯಿಂದ ಯಾರೂ ಹೋಗಲಿಲ್ಲ. ಈ ಸಲ ನಾನು ಮಚ್ಚು ಹಿಡಿದು ಇದೇ ಬಾಗಿಲ ಹತ್ತಿರ ನಿಂತಿರುತ್ತೇನೆ. ಬನ್ನಿ.