ಮ್ಯಾನೇಜರ್ ಬಾಲಾಜಿ

ಪೀಣ್ಯದ ಬಸ್ ನಿಲ್ದಾಣದಲ್ಲಿ ಶಿವಗಂಗಾಳ ಬೆನ್ನ ಹಿಂದೆ ಇಬ್ಬರು ಗೆಳೆಯರು ಮಾತಾಡುತ್ತಿದ್ದರು.

"ಫ್ರೀಲ್ಯಾನ್ಸ್ ಶುರು ಮಾಡಿದ್ಮೇಲೆ ಇವ್ರೊಬ್ರೇ ಮಗಾ ನಂಬಿಕಸ್ಥ ಕ್ಲೈಂಟು. ಜನಕ್ಕೆ ದುಬೈನಲ್ಲಿ ಕೆಲ್ಸ ಕೊಡಿಸ್ತಾರಂತೆ. ಅವ್ರ ವೆಬ್‌ಸೈಟ್ ಪೂರ್ತಿ ಮಾಡಿದ್ದು ನಾನೇ."

"ಅವ್ರ ಆಫೀಸ್ ನೋಡಿದ್ಯೇನೋ, ಬಾಲಾಜಿ?"

"ಇಲ್ಲ, ಎಲ್ಲಾ ಫೋನಲ್ಲೇ."

"ಮತ್ತೆ ಸೈಟಲ್ಲಿ ಯಾವ ಅಡ್ರೆಸ್ ಹಾಕ್ದೆ?"

"ಸದ್ಯಕ್ಕೆ ನಿಮ್ಮನೇದೇ ಹಾಕಿ ಅಂದ್ರು. ಮ್ಯಾನೇಜರ್ ಅಂತ ನನ್ನೆಸ್ರು, ಫೋಟೋ."

"ಅಯ್ಯೋ! ಈಗ್ಲೇ ಅವ್ರಿಗೆ ಫೋನ್ ಮಾಡು."

"ನಿನ್ನೆಯಿಂದ ಸ್ವಿಚ್ ಆಫು ಕಣೋ."

ಅಷ್ಟರಲ್ಲಿ ಬಾಲಾಜಿಯ ಫೋನೇ ಹೊಡೆದುಕೊಂಡಿತು. ಕೇಳಿಸಿಕೊಂಡು ಗೆಳೆಯನತ್ತ ತಿರುಗಿದ.

"ಅಮ್ಮ ಕಣೋ. ರಾಯಚೂರು ಕಡೆಯೋರಂತೆ, ದುಬೈ ಕೆಲ್ಸಕ್ಕೆ ದುಡ್ಡು ಕಟ್ಟವ್ರಂತೆ, ಸೂಟ್‌ಕೇಸ್ ಹಿಡ್ಕೊಂಡು ನಮ್ಮ ಬೀದಿ ತುಂಬಾ ನಿಂತವ್ರಂತೆ. ಮ್ಯಾನೇಜರ್ ಎಲ್ಲಿ ಅಂತ ಕೇಳ್ತಾವ್ರೆ."

ಶಿವಗಂಗಾ ತಿರುಗಿ ನೋಡಿದಳು. ಬಾಲಾಜಿಯ ಮನೆ ಕಡೆ ಹೋಗುವ ಲಗ್ಗೆರೆಯ ಬಸ್ಸು ಬಂದು ನಿಂತಿತು. ಗೆಳೆಯ ಹತ್ತಿ ಕೈಚಾಚಿ ಕರೆದ. ಬಾಲಾಜಿ ಮಾತ್ರ ರಸ್ತೆ ದಾಟಿ, ಮನೆಗೆ ಬೆನ್ನು ಹಾಕಿ ಓಡತೊಡಗಿದ್ದ.