ಪೆಟ್ರೋಲ್ ಸೋಸುವ ತೊಗಲು

...ಕುಡಿದಿದ್ದ ಅಂದೆನಲ್ಲ, ಇನ್ನೆಷ್ಟು ಸಲ ಹೇಳಿಸ್ತೀಯ? ನಿನ್ನ ಅಣ್ಣ ಡೆಲ್ಬರ್ಟ್ ಕುಡಿದು ವಿಮಾನ ಹಾರಿಸಿದ, ಈ ಹವಳದ ದಿಬ್ಬದಾಚೆ ಸಮುದ್ರಕ್ಕೆ ಬಿದ್ದ. ಸೈನ್ಯದ ಕಾಗದದಲ್ಲೂ ಹಾಗೇ ಇದೆ. ನನ್ನ ಮಾತು ಕೇಳಿಯೇ ಬರೆದದ್ದು, ಗೊತ್ತಾ? ನಿಮ್ಮಮ್ಮ ಕುಡುಕನ ತಾಯಿ ಅನ್ನಿಸ್ಕೊಂಡು ಸತ್ತರೆ ನಾನೇನು ಮಾಡಲಿ? ಮೂವತ್ತು ವರ್ಷ ಆದಮೇಲೆ ಅಮೆರಿಕದಿಂದ ನನ್ನ ಗುಡಿಸಲಿಗೆ ಬಂದು ಕೂತಿದೀಯ.

ಯಾಕಯ್ಯಾ ನಗ್ತೀಯ? ದ್ವೀಪದ ಕೂಲಿಯವನಿಗೆ ವಿಮಾನದ್ದೇನು ಗೊತ್ತು ಅಂತಲೋ? ಕೇಳಿಲ್ಲಿ. ಯುದ್ಧದಲ್ಲಿ ಇಲ್ಲಿಂದ ಎದ್ದ ಒಂದೊಂದು ವಿಮಾನವೂ ಈ ಪಿವುವಿನ ಕೈ ಮುಟ್ಟಿದ ಮೇಲೇ ಎದ್ದದ್ದು. ನಿಮ್ಮ ಮೆಕ್ಯಾನಿಕ್‌ಗಳು ಹವಳದ ಧೂಳಿಗೆ ಕೆಮ್ಮುತ್ತಾ ಬಿದ್ದಿದ್ದಾಗ ನಾನು ಎಂಜಿನ್ನಿಗೆ ಕಿವಿ ಕೊಟ್ಟು ಯಾವ ಬೋಲ್ಟು ಸಡಿಲ ಅಂತ ಹೇಳ್ತಿದ್ದೆ. ಒಂದ್ಸಲ ಚಕ್ರ ಮುರಿದ ವಿಮಾನವನ್ನ ನಾನೊಬ್ಬನೇ ಬೆನ್ನ ಮೇಲೆ ಹೊತ್ತು... ಆಯ್ತು, ಇನ್ನಿಬ್ಬರಿದ್ದರು. ಸಣಕಲರು.

ದಿನದ ಕೆಲಸ ಪೆಟ್ರೋಲ್ ಸೋಸೋದು. ಪೀಪಾಯಿ ಉರುಳಿಸ್ಕೊಂಡು ಬಂದು, ಆಲಿಕೆಗೆ ಮೆತ್ತನೆ ತೊಗಲು ಹಾಸಿ, ರೆಕ್ಕೆಯೊಳಗಿನ ಟ್ಯಾಂಕಿಗೆ ಸುರೀಬೇಕು. ಕಸ ನಿಲ್ಲುತ್ತೆ ಅಂತ ಸುತ್ತಲ ಎಂಜಿನ್ ಗದ್ದಲದಲ್ಲಿ ಮೆಕ್ಯಾನಿಕ್ ಕೈಸನ್ನೆಯಲ್ಲಿ ತೋರಿಸಿದ್ದ. ಎಂಥಾ ತೊಗಲು ಅಂತೀಯ! ಆಗತಾನೇ ನನ್ನ ಹೆಂಡತಿ ಹೆತ್ತಿದ್ದಳು. ಮಗೂನ ಸುತ್ತೋಕೆ ಅಷ್ಟು ಮೆತ್ತಗಿನದು ಈ ದ್ವೀಪದಲ್ಲಿ ಇನ್ನೇನಿತ್ತು? ಮನೆಗೆ ಒಯ್ದೆ. ಸೋಸೋಕೆ ನನ್ನ ಹರಕು ಅಂಗಿ ಸಾಕಾಯ್ತು. ಅದರಲ್ಲೂ ಕಸ ನಿಂತಿತು, ಕಣ್ಣಾರೆ ನೋಡಿದೀನಿ.

ಏನು ಹಂಗೆ ನೋಡ್ತೀಯ?

ಪೀಪಾಯಿಗಳ ಮೇಲೆ ವಾರವೆಲ್ಲ ಮಳೆ ಹೊಯ್ದಿತ್ತು, ಹೌದು. ತೊಗಲು ನೀರನ್ನೂ ತಡೆಯುತ್ತೆ, ಬಟ್ಟೆ ತಡೆಯಲ್ಲ ಅಂತ ನನಗೆ ಯಾವನು ಹೇಳಿದ್ದ? ಕಸ ತೋರಿಸಿದ, ನೀರು ತೋರಿಸಲಿಲ್ಲ. ನೀರು ಕುಡಿದ ಎಂಜಿನ್ ದಿಬ್ಬ ದಾಟುತ್ತಲೇ ಕೆಮ್ಮಿತು, ನಿಂತಿತು. ಯಾರ ವಿಮಾನ ಅಂತ ಕೇಳಬೇಡ... ನೀನು ಕೇಳಲೇ ಇಲ್ಲವಲ್ಲ.

ಬಾಯಿ ಬಿಡಯ್ಯಾ. ಬೈಯಿ. ಬೇಕಾದರೆ ಹೊಡಿ, ಮುದುಕ ಅಂತ ನೋಡಬೇಡ.

...ಕುಡಿದಿರಲಿಲ್ಲ. ರೆಕ್ಕೆ ಹತ್ತೋ ಮುಂಚೆ ನನ್ನ ಹತ್ತಿರ ಬಗ್ಗಿ, ಮಗು ಗಂಡೋ ಹೆಣ್ಣೋ ಅಂತ ಕೇಳಿದ. ಬಾಯಿಂದ ಬರ್ತಿದ್ದದ್ದು ಕಾಫಿ ವಾಸನೆ.